ಪುಟ್ಟ ರೈಲಿನ ಲಗಾಮು ಯಾರ ಕೈಗೆ?

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಮಾದರಿ ರೈಲು ಮಾರ್ಗವನ್ನು ಉದ್ಘಾಟಿಸಿದ ದಿನ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹ ರೂಪ)



ಹೋದ ವರ್ಷ ಹಳೆಯ ವಿದ್ಯಾರ್ಥಿಗಳ ಸಂಘದಿಂದ ನನಗೆ ಫೋನು ಬಂತು. ‘ಶಾಲೆಯಲ್ಲಿ ಒಂದು ಲೇಔಟ್ ಮಾಡೋಣ ಅಂತಿದ್ದೀವಿ, ನೀವು ಬರಬೇಕು’ ಅಂದರು. ನಾನು ವಿಜಯನಗರದವನು. ನಮ್ಮ ಕಡೆ ಲೇಔಟ್ ಅಂದರೆ ಸೈಟು, ಖಾತೆ, ಕಂದಾಯ. ನಿವೃತ್ತಿ ಹಣದ ವಾಸನೆ ಹಿಡಿದು ಯಾರೋ ಸೈಟು ಮಾರಲು ಬಂದರು ಅಂದುಕೊಂಡು ‘ನನಗೆ ಬೇಡಪ್ಪ’ ಅಂತ ಫೋನಿಟ್ಟುಬಿಟ್ಟೆ. ಆಮೇಲೆ ತಿಳಿಯಿತು, ಅವರು ಹೇಳಿದ್ದು ರೈಲಿನ ಲೇಔಟ್. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಓಡುವ ಪುಟ್ಟ ರೈಲು. ಈಗ ನಿಮ್ಮ ಮುಂದೆ ಇರುವುದೇ ಅದು.

ಈ ಹಲಗೆಯ ಮೇಲೆ ನಮ್ಮ ಮೈಸೂರು ದಾರಿಯನ್ನು ತರಬೇಕು ಅನ್ನುವುದು ಮಕ್ಕಳ ಆಸೆ. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ. ಹಳಿಯ ಪಕ್ಕದ ಮನೆ, ಮರ, ಜನ ಎಲ್ಲ ಚನ್ನಪಟ್ಟಣದ ಬಣ್ಣದ ಗೊಂಬೆಗಳೇ. ಇದರ ಅಳತೆ 87ಕ್ಕೆ 1. ನಿಜವಾದ 87 ಮೀಟರ್ ಇಲ್ಲಿ ಒಂದು ಮೀಟರ್. ಬೆಂಗಳೂರಿನಿಂದ ಮೈಸೂರಿಗೆ ರೈಲಿನ ದಾರಿ ಸುಮಾರು 140 ಕಿಲೋಮೀಟರ್. ಅದನ್ನು 87ರಿಂದ ಭಾಗಿಸಿದರೂ ಒಂದೂವರೆ ಕಿಲೋಮೀಟರಿಗೆ ಮೇಲೆಯೇ ಬರುತ್ತದೆ. ಅಷ್ಟು ಜಾಗ ನಮ್ಮ ಆಟದ ಮೈದಾನದಲ್ಲೂ ಇಲ್ಲ. ಹಾಗಾಗಿ ಇಲ್ಲಿರುವ ಹೊರಗಿನ ಸುತ್ತು ಸುಮಾರು 6 ಮೀಟರ್. ನಿಜದ ಲೆಕ್ಕದಲ್ಲಿ ಅರ್ಧ ಕಿಲೋಮೀಟರ್. ಇನ್ನೊಂದು ಲೆಕ್ಕ ಮನೆಯಲ್ಲಿ ಮಾಡಿ ನೋಡಿ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19ಕ್ಕಿಂತ ಸ್ವಲ್ಪ ಹೆಚ್ಚು. ಅಂಗಡಿಯಲ್ಲಿ ಸಿಗುವ ಹಳಿಯ ಅಂತರ 16.5. ಯಾಕೆ ಅಂದರೆ ಅದು 1435 ಮಿಲಿಮೀಟರಿನ ವಿದೇಶಿ ಹಳಿಯ ಅಳತೆ. ಅಂದರೆ ನಮ್ಮ ಕೆಂಗೇರಿ ರೈಲು ವಿದೇಶದ ಹಳಿಯ ಮೇಲೆ ಸ್ವಲ್ಪ ಕಾಲು ಕೂಡಿಸಿಕೊಂಡು ಓಡುತ್ತಿದೆ. ಕ್ಷಮಿಸಿಬಿಡೋಣ.

ಹಲಗೆ, ಹಳಿ, ಗೊಂಬೆ ಇವೆಲ್ಲದರ ಬಗ್ಗೆ ನಮ್ಮಲ್ಲಿ ಜಗಳ ಇರಲಿಲ್ಲ. ಜಗಳ ಆದದ್ದು ಒಂದೇ ವಿಷಯಕ್ಕೆ. ರೈಲನ್ನು ಓಡಿಸುವ ವ್ಯವಸ್ಥೆ ಯಾವುದಿರಬೇಕು? ಆ ಜಗಳ ಮೂರು ಭಾನುವಾರ ನಡೆಯಿತು. ಅದರಲ್ಲಿ ನಾನೂ ತಪ್ಪು ಪಕ್ಷದಲ್ಲಿದ್ದೆ. ಇವತ್ತು ಅದನ್ನೇ ಹೇಳುತ್ತೇನೆ.

ನಮ್ಮಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ನಾನು ಇಲ್ಲಿ ಓದುವಾಗ ಮೈಸೂರು ದಾರಿ ಮೀಟರ್‌ಗೇಜ್, ಒಂಟಿ ಹಳಿ. ಒಂಟಿ ಹಳಿಯಲ್ಲಿ ಎದುರುಬದುರು ಎರಡು ರೈಲು ಬಂದರೆ ಗತಿಯೇನು? ಅದಕ್ಕೇ ಟೋಕನ್ ಇತ್ತು. ಲೋಹದ ಒಂದು ಗುಂಡು, ಅದಕ್ಕೊಂದು ಚೀಲ, ಚೀಲಕ್ಕೆ ದೊಡ್ಡ ಬಳೆ. ಆ ಗುಂಡು ಕೈಯಲ್ಲಿದ್ದ ಡ್ರೈವರ್ ಮಾತ್ರ ಮುಂದಿನ ಸ್ಟೇಷನ್ನಿನವರೆಗೆ ಹೋಗಬಹುದು. ಒಂದು ಗುಂಡು ಹೊರಗೆ ಬಂದಿದ್ದರೆ ಎರಡೂ ಕಡೆಯ ಯಂತ್ರಗಳಿಂದ ಇನ್ನೊಂದು ಹೊರಬರುವುದಿಲ್ಲ. ಅಪ್ಪ ಹೇಳುತ್ತಿದ್ದರು: ‘ರೈಲು ಓಡಿಸೋದು ಎಂಜಿನ್ ಅಲ್ಲ ಕಣೋ. ಈ ದಾರಿ ಈಗ ಯಾರದು ಅನ್ನೋ ತೀರ್ಮಾನ ಓಡಿಸುತ್ತೆ.’ ಮಾದರಿ ರೈಲಿನ ನಿಯಂತ್ರಣ ಅಂದರೆ ಅಷ್ಟೇ. ಯಾವ ಹಳಿಗೆ, ಯಾವ ಎಂಜಿನ್ನಿಗೆ, ಯಾರು ಅಪ್ಪಣೆ ಕೊಡುತ್ತಾರೆ?

ಮೊದಲನೆಯ ದಾರಿ ಡಿಸಿ. ಡಿಸಿ ಅಂದರೆ ಜಿಲ್ಲಾಧಿಕಾರಿ ಅಲ್ಲ, ನೇರ ವಿದ್ಯುತ್. ಎರಡು ಹಳಿ, ಎರಡು ತಂತಿ. ಹಳಿಗೆ ಸೊನ್ನೆಯಿಂದ 12 ವೋಲ್ಟ್‌ವರೆಗೆ ಕೊಡುತ್ತೀರಿ. ವೋಲ್ಟ್ ಹೆಚ್ಚಿದರೆ ವೇಗ ಹೆಚ್ಚು. ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ಹಿಂದಕ್ಕೆ ಓಡುತ್ತದೆ. ಹತ್ತನೇ ತರಗತಿಯ ಪಾಠ ಅಷ್ಟೇ. ತೊಂದರೆ ಏನೆಂದರೆ, ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ. ಅಪ್ಪಣೆ ಹೋಗುವುದು ಹಳಿಗೆ, ಎಂಜಿನ್ನಿಗಲ್ಲ. ಹಾಗಾಗಿ ಹಳಿಯನ್ನು ತುಂಡು ತುಂಡಾಗಿ ಬೇರ್ಪಡಿಸಬೇಕು. ನಡುವೆ ಲೋಹದ ಜೋಡಣೆಯ ಬದಲು ಪ್ಲಾಸ್ಟಿಕ್ ಜೋಡಣೆ ಹಾಕಬೇಕು. ಒಂದೊಂದು ತುಂಡನ್ನೂ ಬ್ಲಾಕ್ ಅನ್ನುತ್ತೇವೆ. ಪ್ರತಿ ಬ್ಲಾಕಿಗೂ ಮೂರು ಸ್ಥಾನದ ಒಂದು ಸ್ವಿಚ್. ಮೇಲೆ ಒತ್ತಿದರೆ ಮೊದಲನೆಯ ಕಂಟ್ರೋಲರ್, ಕೆಳಗೆ ಒತ್ತಿದರೆ ಎರಡನೆಯದು, ನಡುವೆ ಇಟ್ಟರೆ ಕರೆಂಟ್ ಇಲ್ಲ. ಅಪ್ಪನ ಟೋಕನ್ ಗುಂಡೇ ಇದು, ಸ್ವಿಚ್ಚಿನ ವೇಷದಲ್ಲಿ ಬಂದಿದೆ. ರೈಲುಗಳು ಎಷ್ಟಿವೆಯೋ ಅದಕ್ಕಿಂತ ಒಂದಾದರೂ ಹೆಚ್ಚು ಬ್ಲಾಕ್ ಇರಬೇಕು. ಇಲ್ಲದಿದ್ದರೆ ಯಾರೂ ಮುಂದಕ್ಕೆ ಹೋಗುವ ಹಾಗಿಲ್ಲ.

ಇದರ ಕಷ್ಟವನ್ನೂ ಹೇಳಬೇಕು. ತಂತಿ ಜಾಸ್ತಿ. ರೈಲು ಓಡಿಸುವುದಕ್ಕಿಂತ ಸ್ವಿಚ್ ಒತ್ತುವುದೇ ಕೆಲಸವಾಗುತ್ತದೆ. ರೈಲು ನಿಂತರೆ ಅದರ ದೀಪವೂ ಆರಿಹೋಗುತ್ತದೆ.

ಎರಡನೆಯ ದಾರಿ ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಜರ್ಮನಿಯ ಲೆನ್ಜ್ ಕಂಪನಿಯಲ್ಲಿ ಹುಟ್ಟಿದ ಈ ಪದ್ಧತಿಯನ್ನು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಎಲ್ಲರಿಗೂ ಒಪ್ಪಿತವಾದ ಮಾನಕವಾಗಿ ಮಾಡಿತು. ಇದರಲ್ಲಿ ಹಳಿಯ ಮೇಲೆ ಯಾವಾಗಲೂ ಪೂರ್ತಿ ಕರೆಂಟ್ ಇರುತ್ತದೆ. ನಮ್ಮ ಅಳತೆಯ ರೈಲಿಗೆ ಸಾಮಾನ್ಯವಾಗಿ 14-15 ವೋಲ್ಟ್. ಆ ಕರೆಂಟ್ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಾ ಇರುತ್ತದೆ. ಬದಲಿಸುವ ಆ ಲಯದಲ್ಲೇ ಸಂದೇಶ ಅಡಗಿರುತ್ತದೆ. ಒಂದು ದಿಕ್ಕಿನಲ್ಲಿ 58 ಮೈಕ್ರೋಸೆಕೆಂಡ್, ಇನ್ನೊಂದರಲ್ಲೂ ಅಷ್ಟೇ ಇದ್ದರೆ ಅದು ‘ಒಂದು’. ಒಂದೊಂದರಲ್ಲೂ 100 ಮೈಕ್ರೋಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದು ‘ಸೊನ್ನೆ’. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲೂ ಡಿಕೋಡರ್ ಅನ್ನುವ ಒಂದು ಪುಟ್ಟ ಬಿಲ್ಲೆ. ಅದಕ್ಕೊಂದು ನಂಬರ್. ಹೊಸದಾಗಿ ಬಂದಾಗ ಸಾಮಾನ್ಯವಾಗಿ 3. ‘3ನೇ ನಂಬರ್, ನಿಧಾನ ಮುಂದೆ ಹೋಗು’ ಅಂದರೆ ಹಳಿಯ ಮೇಲೆ ಎಲ್ಲರಿಗೂ ಅದು ಕೇಳಿಸುತ್ತದೆ, ಆದರೆ 3 ಮಾತ್ರ ಹೊರಡುತ್ತದೆ. ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ. ರೈಲು ನಿಂತಿದ್ದರೂ ದೀಪ ಉರಿಯುತ್ತದೆ, ಸೀಟಿ ಕೂಗುತ್ತದೆ. ಡಿಸಿಯಲ್ಲಿ ಮುಂದೆ ಅನ್ನುವುದು ಹಳಿಯ ಲೆಕ್ಕ. ಇಲ್ಲಿ ಎಂಜಿನ್ನಿನ ಮೂಗು ಯಾವ ಕಡೆ ಇದೆಯೋ ಅದೇ ಮುಂದೆ.

ಕಷ್ಟ ಇಲ್ಲೂ ಇದೆ. ಪ್ರತಿ ಎಂಜಿನ್ನಿಗೂ ಡಿಕೋಡರ್ ಬೇಕು. ಎಲ್ಲೋ ಒಂದು ಮೂಲೆಯಲ್ಲಿ ಚಕ್ರ ಹಳಿ ತಪ್ಪಿ ಶಾರ್ಟ್ ಆದರೆ, ಬೇರೆ ಬೇರೆ ವಿಭಾಗ ಮಾಡಿರದಿದ್ದರೆ ಊರಿಗೆ ಊರೇ ನಿಲ್ಲುತ್ತದೆ. ಮಾನಕ ಅಂದೆನಲ್ಲ, ಅದು ಹಳಿ ಮತ್ತು ಡಿಕೋಡರ್ ನಡುವಿನ ಮಾತಿಗೆ ಮಾತ್ರ. ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಒಂದು ಕಂಪನಿಯದು ಇನ್ನೊಂದು ಕಂಪನಿಯ ಪೆಟ್ಟಿಗೆಗೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ಕೊಳ್ಳುವವರು ಇದನ್ನು ಮೊದಲೇ ಕೇಳಿ ತಿಳಿಯಬೇಕು.

ಮೂರನೆಯ ದಾರಿ ಬ್ಯಾಟರಿ ಮತ್ತು ರೇಡಿಯೋ. ಎಂಜಿನ್ನಿನೊಳಗೇ ಬ್ಯಾಟರಿ, ಅಪ್ಪಣೆ ಗಾಳಿಯಲ್ಲಿ. ಹಳಿಗೆ ಕರೆಂಟೇ ಬೇಡ. ನಮ್ಮೂರಿನ ಧೂಳು ನೋಡಿದರೆ ಇದೇ ಒಳ್ಳೆಯದು ಅನ್ನಿಸುತ್ತದೆ. ಆದರೆ ಈ ಅಳತೆಯ ಎಂಜಿನ್ನಿನಲ್ಲಿ ಜಾಗ ಸಾಲದು. ಮಕ್ಕಳಿರುವ ಕೊಠಡಿಯಲ್ಲಿ ಲಿಥಿಯಂ ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿ ಬೀಗ ಜಡಿದು ಮನೆಗೆ ಹೋಗುವ ಧೈರ್ಯ ನಮಗಿರಲಿಲ್ಲ. ಅದನ್ನು ಮೊದಲ ದಿನವೇ ಬಿಟ್ಟೆವು.

ಉಳಿದದ್ದು ಎರಡು. ನಮ್ಮ ಸಮಿತಿಯಲ್ಲಿ ಏಳು ಜನ. ಅದರಲ್ಲಿ ಐದು ಜನ ಎಂಜಿನಿಯರುಗಳು, ನಾನೂ ಸೇರಿ. ನಾವೆಲ್ಲ ಡಿಸಿಸಿ ಪಕ್ಷ. ‘ಈ ಕಾಲದಲ್ಲಿ ಡಿಸಿ ಯಾರು ಹಾಕ್ತಾರೆ? ಮೊಬೈಲಿನಲ್ಲಿ ಓಡಿಸೋ ಹಾಗಿರಬೇಕು. ಫೋಟೋ ಚೆನ್ನಾಗಿ ಬರುತ್ತೆ’ ಅಂದೆವು. ಕೈಯಲ್ಲಿದ್ದ ಹಣ 40 ಸಾವಿರ. ಅದರಲ್ಲಿ ಬಹುಪಾಲನ್ನು ಒಂದು ರೆಡಿಮೇಡ್ ಪೆಟ್ಟಿಗೆಗೆ ಹಾಕಲು ಹೊರಟಿದ್ದೆವು. ಆ ಹಣ ಯಾರದು? ನಮ್ಮ ಬ್ಯಾಚಿನ ಒಬ್ಬಳು ಮಾರುಕಟ್ಟೆಯಲ್ಲಿ ಸೊಪ್ಪು ಮಾರುತ್ತಾಳೆ. ಅವಳು 500 ರೂಪಾಯಿ ಕೊಟ್ಟು ‘ನನ್ನ ಮೊಮ್ಮಗಳು ಎಂಟನೇ ಕ್ಲಾಸಿಗೆ ಇಲ್ಲಿಗೇ ಬರ್ತಾಳೆ, ಅಷ್ಟೊತ್ತಿಗೆ ಓಡ್ತಾ ಇರುತ್ತಾ?’ ಅಂತ ಕೇಳಿದ್ದಳು. ‘ಇರುತ್ತಮ್ಮ’ ಅಂತ ನಾನೇ ಹೇಳಿದ್ದೆ.

ಎರಡನೆಯ ಭಾನುವಾರ ಹಿಂದಿನ ಬೆಂಚಿನಲ್ಲಿ ನನ್ನ ಹಳೆಯ ಗೆಳೆಯ ಕೂತಿದ್ದ. ನಾವಿಬ್ಬರೂ ಏಳನೇ ತರಗತಿಯಲ್ಲಿ ಟಾರ್ಚ್ ಸೆಲ್ಲು, ಬೆಂಕಿಪೊಟ್ಟಣ, ಹಳೆಯ ಆಟಿಕೆಯ ಮೋಟಾರ್ ಸೇರಿಸಿ ರೈಲು ಮಾಡಿದವರು. ಅವನು ಎಸ್‌ಎಸ್‌ಎಲ್‌ಸಿ ಪಾಸಾಗಲಿಲ್ಲ. ಮಾಗಡಿ ರಸ್ತೆಯ ಕಡೆ ಎಲೆಕ್ಟ್ರಿಕ್ ಕೆಲಸ ಕಲಿತು, ಮೋಟಾರ್ ಸುತ್ತಿ, ಮನೆಮನೆಗೆ ವೈರಿಂಗ್ ಮಾಡಿ ಮೂವರು ಮಕ್ಕಳನ್ನು ಓದಿಸಿದ. ಅವನನ್ನು ಸಮಿತಿಗೆ ಸೇರಿಸಬೇಕು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ. ಟೀ ಲೋಟ ಕೆಳಗಿಟ್ಟು ಅವನು ಕೇಳಿದ್ದು ಒಂದೇ ಮಾತು: ‘ನೋಡ್ರಪ್ಪ, ಇದು ಕೆಟ್ರೆ ಬಿಚ್ಚೋರು ಯಾರು?’

ಯಾರೂ ಮಾತಾಡಲಿಲ್ಲ. ನನಗಂತೂ ಮುಖ ಬಿಸಿಯಾಯಿತು. ಕಾರಣ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೊಂದು ಸಂಸ್ಥೆಗೆ ಇಂಥದೇ ಒಂದು ರೆಡಿಮೇಡ್ ಸೆಟ್ಟು ದಾನ ಕೊಟ್ಟಿದ್ದೆ. ಶಾಲು ಹೊದಿಸಿದರು, ಹಾರ ಹಾಕಿದರು. ಆರು ತಿಂಗಳಿಗೆ ಯಾರೋ ಬೇರೆ ಅಡಾಪ್ಟರ್ ಚುಚ್ಚಿ ಪೆಟ್ಟಿಗೆ ಸುಟ್ಟುಹೋಯಿತು. ರಿಪೇರಿ ಇಲ್ಲಿ ಆಗಲಿಲ್ಲ, ಹೊರಗೆ ಕಳಿಸುವ ಖರ್ಚು ಯಾರಿಗೂ ಬೇಡವಾಯಿತು. ಮುಂದೊಮ್ಮೆ ಹೋದಾಗ ಅದು ಬೀರುವಿನ ಮೇಲಿತ್ತು, ಅದರ ಮೇಲೆ ಹಳೆಯ ಫೈಲುಗಳು. ತಪ್ಪು ಅವರದಲ್ಲ, ನನ್ನದು. ನಾನು ಕೊಟ್ಟದ್ದು ರೈಲನ್ನು, ಅದನ್ನು ಬಿಚ್ಚುವ ವಿದ್ಯೆಯನ್ನಲ್ಲ.

ಮೂರನೆಯ ಭಾನುವಾರ ಪ್ರಶ್ನೆಯನ್ನೇ ಬದಲಿಸಿದೆವು. ಯಾವುದು ಹೊಸದು ಅನ್ನುವುದನ್ನು ಬಿಟ್ಟು ನಾಲ್ಕು ಮಾತು ಕೇಳಿಕೊಂಡೆವು. ಒಂದು, ಏಕಕಾಲಕ್ಕೆ ಎಷ್ಟು ರೈಲು ಓಡಬೇಕು? ಎರಡು ಸಾಕು. ಎರಡು, ಎಷ್ಟು ಮಕ್ಕಳು ಒಟ್ಟಿಗೆ ಕೆಲಸ ಮಾಡಬೇಕು? ಆದಷ್ಟು ಹೆಚ್ಚು. ಸ್ವಿಚ್ಚು ಜಾಸ್ತಿ ಅನ್ನುವ ದೋಷ ಇಲ್ಲಿ ಗುಣವಾಯಿತು. ಇಬ್ಬರು ಡ್ರೈವರು, ಇಬ್ಬರು ಸ್ಟೇಷನ್ ಮಾಸ್ಟರು, ಒಬ್ಬ ಪಾಯಿಂಟ್ಸ್‌ಮನ್. ಎಲ್ಲರಿಗೂ ಕೆಲಸ. ಮೂರು, ಕೆಟ್ಟರೆ ಬಿಡಿಭಾಗ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆಯೇ? ನಾಲ್ಕು, ಮುಂದೆ ಬೇರೆ ಪದ್ಧತಿ ಬೇಕಾದರೆ ಹಾಕಿದ್ದನ್ನೆಲ್ಲ ಕಿತ್ತೆಸೆಯಬೇಕೇ?

ಹೀಗೆ ಕೇಳಿದ ಮೇಲೆ ಉತ್ತರ ತಾನಾಗಿ ಬಂತು. ಮೊದಲು ಡಿಸಿ, ಎಂಟು ಬ್ಲಾಕ್. ಆದರೆ ತಂತಿಯನ್ನು ಮಾತ್ರ ನಾಳೆಯ ಡಿಸಿಸಿಗೂ ಒಪ್ಪುವ ಹಾಗೆ ಎಳೆಯುವುದು. ಹಲಗೆಯ ಕೆಳಗೆ ಬಗ್ಗಿ ನೋಡಿ. ದಪ್ಪ ಕೆಂಪು, ಕಪ್ಪು ತಂತಿಗಳು ಉದ್ದಕ್ಕೂ ಹೋಗಿವೆ. ಅವುಗಳಿಂದ ಸಣ್ಣ ತಂತಿಗಳು ಮೀಟರಿಗೊಂದರಂತೆ ಹಳಿಗೆ ಬೆಸುಗೆಯಾಗಿವೆ. ಹಳಿಯ ಜೋಡಣೆಗಳನ್ನೇ ನಂಬಿದರೆ ಕರೆಂಟ್ ದಾರಿಯಲ್ಲೇ ಸೊರಗುತ್ತದೆ, ರೈಲು ದೂರದ ತಿರುವಿನಲ್ಲಿ ಏದುಸಿರು ಬಿಡುತ್ತದೆ. ಹಳಿ ತನ್ನ ಮೇಲೆ ತಾನೇ ಮಡಚಿ ಬರುವ ಕುಣಿಕೆಯನ್ನು ನಾವು ಹಾಕಲೇ ಇಲ್ಲ. ಅಲ್ಲಿ ಎಡ ಹಳಿ ಹೋಗಿ ಬಲ ಹಳಿಯನ್ನು ಮುಟ್ಟುತ್ತದೆ. ಡಿಸಿ ಇರಲಿ ಡಿಸಿಸಿ ಇರಲಿ, ಶಾರ್ಟ್ ಶಾರ್ಟೇ.

ಇನ್ನು ಈ ಫಲಕದ ಬದಿಯಲ್ಲಿರುವ ನಾಲ್ಕು ಪಿನ್ನಿನ ಸಾಕೆಟ್ ನೋಡಿ. ಅದು ನನ್ನ ಗೆಳೆಯನ ಬುದ್ಧಿ. ಡಿಸಿ ಕಂಟ್ರೋಲರನ್ನೂ ಡಿಸಿಸಿ ಪೆಟ್ಟಿಗೆಯನ್ನೂ ಒಟ್ಟಿಗೆ ಹಳಿಗೆ ಸೇರಿಸಬಾರದು. ಒಂದು ಚಕ್ರ ಎರಡು ಬ್ಲಾಕಿನ ಗಡಿ ದಾಟಿದ ಕ್ಷಣದಲ್ಲಿ ಎರಡೂ ಡಿಕ್ಕಿ ಹೊಡೆದು ಯಾವುದಾದರೂ ಸುಡಬಹುದು. ‘ಎಚ್ಚರಿಕೆ’ ಅಂತ ಬೋರ್ಡು ಬರೆದರೆ ಮಕ್ಕಳು ಓದುತ್ತಾರೆಯೇ? ನಾವು ಓದಿದ್ದೆವೇ? ಅದಕ್ಕೆ ಅವನು ಒಂದೇ ಸಾಕೆಟ್ ಇಟ್ಟ. ಡಿಸಿಯ ಪ್ಲಗ್ಗಿನಲ್ಲಿ ಎರಡು ಕಂಟ್ರೋಲರಿನ ನಾಲ್ಕು ತಂತಿ. ಮುಂದೆ ಬರುವ ಡಿಸಿಸಿ ಪ್ಲಗ್ಗಿನಲ್ಲಿ ಒಂದೇ ಪೆಟ್ಟಿಗೆಯ ಎರಡು ತಂತಿ ಎರಡೂ ಜೋಡಿಗೆ ಹೋಗುತ್ತವೆ. ಇದನ್ನು ಚುಚ್ಚಬೇಕಾದರೆ ಅದನ್ನು ಕೀಳಲೇಬೇಕು. ಅಪ್ಪನ ಟೋಕನ್ ಯಂತ್ರದ ತತ್ವವೂ ಇದೇ. ತಪ್ಪು ಮಾಡಬೇಡ ಅಂತ ಬೇಡಿಕೊಳ್ಳುವುದಿಲ್ಲ, ತಪ್ಪು ಮಾಡಲು ಜಾಗವನ್ನೇ ಇಡುವುದಿಲ್ಲ. ಇಂದು ನಮ್ಮ ದೇಶದ ರೈಲುಗಳಿಗೆ ಬರುತ್ತಿರುವ ಕವಚ್ ವ್ಯವಸ್ಥೆಯಲ್ಲೂ ಹಳಿಯ ನಡುವಿನ ಟ್ಯಾಗುಗಳು ಮತ್ತು ರೇಡಿಯೋ ಸೇರಿ, ಡ್ರೈವರ್ ಮರೆತರೂ ಬ್ರೇಕ್ ಬೀಳುವ ಹಾಗೆ ಮಾಡುತ್ತವೆ. ಉಪಕರಣ ಬದಲಾಗಿದೆ, ತತ್ವ ಅದೇ.

ಡಿಸಿಸಿಯನ್ನು ಕೈಬಿಟ್ಟಿಲ್ಲ ಮಕ್ಕಳೇ. ಅದು ಮುಂದಿನ ವರ್ಷ ಒಂಬತ್ತನೇ ತರಗತಿಯವರ ಪಾಲು. ಅಂಗಡಿಯ ಮುಚ್ಚಿದ ಪೆಟ್ಟಿಗೆಯ ಬದಲು ಆರ್ಡುಯಿನೋ ಮೆಗಾ ಬೋರ್ಡಿನ ಮೇಲೆ ಮೋಟಾರ್ ಶೀಲ್ಡ್ ಕೂರಿಸಿ, ಡಿಸಿಸಿ-ಇಎಕ್ಸ್ ಅನ್ನುವ ಉಚಿತ, ಮುಕ್ತ ತಂತ್ರಾಂಶ ಹಾಕಿ ನೀವೇ ಕಟ್ಟಬೇಕು. ಸುಮಾರು 2 ಆಂಪಿಯರ್ ಸಿಗುತ್ತದೆ, ನಮ್ಮ ಎರಡು ಎಂಜಿನ್ನಿಗೆ ಸಾಕು. ಬೋರ್ಡು ಸುಟ್ಟರೆ ಇನ್ನೊಂದು ತಂದು ಅದೇ ತಂತ್ರಾಂಶ ಮತ್ತೆ ಹಾಕುವುದು. ಕಟ್ಟಿದ ಮೇಲೆ ನಾಣ್ಯದ ಪರೀಕ್ಷೆ ಮಾಡಿ. ಐದು ರೂಪಾಯಿ ನಾಣ್ಯವನ್ನು ಎರಡು ಹಳಿಗೂ ತಾಗುವಂತೆ ಒಂದೊಂದು ಕಡೆ ಇಡಿ. ಪ್ರತಿ ಕಡೆಯೂ ತಕ್ಷಣ ಕರೆಂಟ್ ಕಡಿದುಹೋಗಬೇಕು. ಎಲ್ಲಿ ಕಡಿಯುವುದಿಲ್ಲವೋ ಅಲ್ಲಿ ತಂತಿ ಸಣ್ಣದಾಗಿದೆ ಅಥವಾ ಬೆಸುಗೆ ಸಡಿಲವಾಗಿದೆ. ಅದನ್ನು ಸರಿಮಾಡಿದ ಮೇಲೆಯೇ ರೈಲು. ಇನ್ನೊಂದು ಮಾತು. ಡಿಕೋಡರ್ ಇಲ್ಲದ ಹಳೆಯ ಎಂಜಿನ್ನನ್ನು ಡಿಸಿಸಿ ಹಳಿಯ ಮೇಲೆ ನಿಲ್ಲಿಸಬೇಡಿ. ಗುಂಯ್ ಅಂತ ಸದ್ದು ಮಾಡುತ್ತಾ ಅದರ ಮೋಟಾರ್ ಬಿಸಿಯಾಗುತ್ತದೆ.

ಹೋದ ಶನಿವಾರ ಪೂರ್ವಾಭ್ಯಾಸ. ನಾವು ಹಿರಿಯರೆಲ್ಲ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದೆವು. ಐದನೇ ಬ್ಲಾಕಿನಲ್ಲಿ, ಅಲ್ಲೇ ಆ ರಾಮನಗರದ ಬಂಡೆಯ ಹತ್ತಿರ, ರೈಲು ನಿಂತುಬಿಟ್ಟಿತು. ನಮ್ಮ ಐದು ಎಂಜಿನಿಯರುಗಳಲ್ಲಿ ಐದು ಅಭಿಪ್ರಾಯ. ಕಂಟ್ರೋಲರ್ ಹೋಗಿದೆ ಅಂದ ಒಬ್ಬ. ಮೋಟಾರ್ ಅಂದ ಇನ್ನೊಬ್ಬ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ನಮ್ಮನ್ನು ಕೇಳಲೂ ಇಲ್ಲ. ಮಲ್ಟಿಮೀಟರ್ ಹಿಡಿದು ಮೊದಲು ಸಾಕೆಟ್ ಮುಟ್ಟಿದಳು, 12 ಬಂತು. ಸ್ವಿಚ್ಚಿನ ಈಚೆ ಮುಟ್ಟಿದಳು, ಬಂತು. ಆಚೆ ಮುಟ್ಟಿದಳು, ಬಂತು. ಹಳಿ ಮುಟ್ಟಿದಳು, ಇಲ್ಲ. ‘ಬೆಸುಗೆ ಬಿಟ್ಟಿದೆ ಅಂಕಲ್’ ಅಂತ ಹಲಗೆಯ ಕೆಳಗಿನಿಂದಲೇ ಕೂಗಿದಳು. ಅವಳು ಕರೆದದ್ದು ನನ್ನನ್ನಲ್ಲ, ನನ್ನ ಗೆಳೆಯನನ್ನು. ಅವನಿಗೆ ಈಗ ಕೈ ಸ್ವಲ್ಪ ನಡುಗುತ್ತದೆ, ಬೆಸುಗೆ ಕಡ್ಡಿ ಹಿಡಿಯಲಾರ. ‘ಹಳೇದನ್ನ ಮೊದ್ಲು ಒರೆಸಮ್ಮ, ಆಮೇಲೆ ಬಿಸಿ ಮಾಡು’ ಅಂತ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹೇಳಿದ. ಹತ್ತು ನಿಮಿಷದಲ್ಲಿ ರೈಲು ಚನ್ನಪಟ್ಟಣ ದಾಟಿತು.

ನಾನು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದೆ. ಸೊಪ್ಪು ಮಾರುವ ನಮ್ಮ ಸಹಪಾಠಿಗೆ ಕೊಟ್ಟ ಮಾತು ಉಳಿಯುತ್ತದೆ ಅಂತ ಅವತ್ತು ಮೊದಲ ಸಲ ಅನ್ನಿಸಿತು.

ಇಲ್ಲೇ ಹತ್ತಿರದಲ್ಲಿ 750 ವೋಲ್ಟಿನ ಮೂರನೇ ಹಳಿಯಿಂದ ಕರೆಂಟ್ ತೆಗೆದುಕೊಂಡು ನೇರಳೆ ಮೆಟ್ರೊ ಓಡುತ್ತಿದೆ. 2015ರಲ್ಲಿ ಮೈಸೂರು ರಸ್ತೆಯವರೆಗೆ ಬಂತು, 2021ರಲ್ಲಿ ಕೆಂಗೇರಿ ಮುಟ್ಟಿತು. ಅದರಲ್ಲಿ ದಿನಾ ಓಡಾಡುವ ನೀವು ನಾಳೆ ಅದನ್ನು ನಡೆಸುವವರೂ ಆಗಬಹುದು. ಮೈಸೂರಿನ ರೈಲು ವಸ್ತುಸಂಗ್ರಹಾಲಯವನ್ನು ಒಮ್ಮೆ ನೋಡಿ ಬನ್ನಿ. ಹಳೆಯ ಎಂಜಿನ್ನುಗಳನ್ನು ಹತ್ತಿರದಿಂದ ನೋಡಿದರೆ ಈ ಹಲಗೆಯ ಮೇಲಿನದು ಯಾವುದರ ಮರಿ ಅನ್ನುವುದು ತಿಳಿಯುತ್ತದೆ. ಆದರೆ ವಾರಕ್ಕೊಮ್ಮೆ ಹಳಿಯ ಧೂಳು ಒರೆಸುವುದನ್ನು ಮರೆಯಬೇಡಿ. ಎಂಥ ನಿಯಂತ್ರಣ ವ್ಯವಸ್ಥೆಯೂ ಧೂಳಿನ ಮುಂದೆ ಸೋಲುತ್ತದೆ.

ಕೊನೆಯದಾಗಿ ಒಂದು ತಿದ್ದುಪಡಿ. ಗೋಡೆಗೆ ಹಾಕಿರುವ ಫಲಕದಲ್ಲಿ ಸಮಿತಿಯ ಏಳು ಜನರ ಹೆಸರಿತ್ತು. ಮುಖ್ಯೋಪಾಧ್ಯಾಯಿನಿಯವರ ಒಪ್ಪಿಗೆ ಪಡೆದು ಅದನ್ನು ಎಂಟು ಮಾಡಿಸಿದ್ದೇವೆ. ಎಂಟನೆಯ ಹೆಸರು ಎಲ್ಲಕ್ಕಿಂತ ಮೇಲಿದೆ. ಅವನು ಇವತ್ತೂ ಹಿಂದಿನ ಬೆಂಚಿನಲ್ಲೇ ಕೂತಿದ್ದಾನೆ. ಏ, ಎದ್ದು ಬಾರೋ. ಹಸಿರು ಬಾವುಟ ತೋರಿಸುವವನು ನೀನೇ.